ಬೊಟ್ಟು ಯಾರಿಗೆ, ಮಸಿ ಯಾರಿಗೆ

ಲೋಕ ಆಗಿನ್ನೂ ಹೊಸದು. ಎರೆಮಣ್ಣು ಬಿರುಕು ಬಿಡುವುದನ್ನು ಕಲಿತಿರಲಿಲ್ಲ. ಮೂಡಣ ಯಾವುದು, ಪಡುವಣ ಯಾವುದು ಎಂದು ಗಾಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ತನಗೆ ತೋಚಿದ ಕಡೆ ಹೋಗಿ, ದಾರಿ ತಪ್ಪಿ, ಹಳ್ಳವನ್ನು ಕೇಳಿಕೊಂಡು ತಿರುಗಿ ಬರುತ್ತಿತ್ತು. ಹಳ್ಳ ಮಾತಾಡುತ್ತಿತ್ತು. ಬೇವಿನ ಮರ ಮಾತಾಡುತ್ತಿತ್ತು. ಜೋಳವೂ ಮಾತಾಡುತ್ತಿತ್ತು, ಆದರೆ ಮೆಲ್ಲಗೆ. ಕಿವಿ ದಂಟಿನ ಹತ್ತಿರ ತಂದವರಿಗೆ ಮಾತ್ರ ಅದರ ಮಾತು ಕೇಳುತ್ತಿತ್ತು.

ಆ ಕಾಲದಲ್ಲಿ ಇಲಿ ಹಗಲಿನಲ್ಲೇ ಓಡಾಡುತ್ತಿತ್ತು.

ಕದ್ದು ಮುಚ್ಚಿ ಅಲ್ಲ. ಬಾಲ ಎತ್ತಿಕೊಂಡು, ಬದುವಿನ ಮೇಲೆ, ನಾಲ್ಕು ಮಂದಿ ನೋಡುವ ಹಾಗೆ. ಊರವರು ಅವಳನ್ನು ಇಲಿಯವ್ವ ಎನ್ನುತ್ತಿದ್ದರು.

"ಊಟ ಆತೇನ ಇಲಿಯವ್ವ?" ಎಂದು ಕಳೆ ತೆಗೆಯುವವರು ಕೇಳುತ್ತಿದ್ದರು.

"ನಂದು ಆತು. ನಿಮ್ಮದು ಇನ್ನೂ ಆಗಿಲ್ಲ ಅಂತ ಕಾಣತೈತಿ. ಹೊಟ್ಟಿ ಬೆನ್ನಿಗೆ ಹತ್ತೇತಿ."

"ನಿನ್ನ ಹೊಟ್ಟಿ ನೋಡಿದ್ರ ನಮಗೆ ಹಸಿವು ಆಗತೈತಿ ನೋಡವ್ವ."

ಹೀಗೆ ನಗುತ್ತಿದ್ದರು. ಯಾರೂ ಅವಳ ಮೇಲೆ ಕಲ್ಲು ಎಸೆದಿರಲಿಲ್ಲ, ಎಸೆಯಲು ಕಾರಣವೂ ಇರಲಿಲ್ಲ. ಜೋಳ ಮೊದಲು ಈ ನೆಲಕ್ಕೆ ಬಂದಾಗ ಮಣ್ಣು ಕಲ್ಲಿನಂತೆ ಬಿಗಿದುಕೊಂಡಿತ್ತು. ಬೇರು ಇಳಿಯಲಿಲ್ಲ. ಇಲಿಯವ್ವ ನೆಲದೊಳಗೆ ಹೊಕ್ಕು, ಈ ಕಡೆ ಆ ಕಡೆ ತೂತು ಮಾಡಿ, ಮಣ್ಣು ಸಡಿಲ ಮಾಡಿಕೊಟ್ಟಳು. ಆಮೇಲೆ ಮನುಷ್ಯರು ನೇಗಿಲು ತಂದರು. ಜೋಳ ಇಬ್ಬರನ್ನೂ ಕರೆದು ಹೇಳಿತು: "ನಡುವಿನ ಸಾಲೆಲ್ಲ ಮನುಷ್ಯರಿಗೆ. ಬದುವಿನ ಸಾಲು ಇಲಿಯವ್ವಗ." ಊರೆಲ್ಲ ಒಪ್ಪಿತು. ಊರಿನ ಹಿರಿಯ ಮಲಕಪ್ಪನೂ ಮೀಸೆ ಸವರಿಕೊಂಡು, "ದುಡಿದವರಿಗೆ ಪಾಲು ಕೊಡೋದು ನ್ಯಾಯ" ಎಂದ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಅವನು ಮರೆತ. ನೀವು ಮರೆಯಬೇಡಿ.

ಇಲಿಯವ್ವ ಬದುವಿನ ಸಾಲಿನ ತೆನೆಗಳನ್ನು ಹಲ್ಲಿನಿಂದ ಕತ್ತರಿಸಿ, ಇಡಿಯ ತೆನೆಯನ್ನೇ ಎಳೆದುಕೊಂಡು ಹೋಗಿ, ನೆಲದೊಳಗಿನ ತನ್ನ ಮನೆಯಲ್ಲಿ ಒಟ್ಟುತ್ತಿದ್ದಳು. ಮನುಷ್ಯರು ಮಾಡುತ್ತಿದ್ದುದೂ ಅದನ್ನೇ. ಅಂಗಳದಲ್ಲಿ ಆಳವಾಗಿ ಅಗೆದು, ಒಳಗೆ ಹುಲ್ಲು ಹಾಸಿ, ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದಕ್ಕೆ ಹಗೇವು ಎಂದು ಹೆಸರಿಟ್ಟಿದ್ದರು. ಇಲಿಯವ್ವನದೂ ಹಗೇವೇ. ಸಣ್ಣದು, ಅಷ್ಟೇ.

ಒಂದು ದಿನ ಗಾಳಿಯ ಬೆನ್ನೇರಿ ಒಂದು ಪುಡಿ ಬಂತು.

ಅದಕ್ಕೆ ಕಾಲಿರಲಿಲ್ಲ, ಕೈಯಿರಲಿಲ್ಲ, ಬೇರಿರಲಿಲ್ಲ, ಎಲೆಯಿರಲಿಲ್ಲ. ಹಸಿವು ಮಾತ್ರ ಇತ್ತು. ಒಲೆಯ ಮೇಲಿನ ಮಸಿಗಿಂತ ಸಣ್ಣ, ಮಸಿಗಿಂತ ಕಪ್ಪು. ಅದು ಬೇವಿನ ಮರದ ಹತ್ತಿರ ಹೋಗಿ, "ಒಳಗ ತುಸು ಜಾಗ ಕೊಡ್ತೀ?" ಎಂದು ಕೇಳಿತು.

ಬೇವಿನ ಮರ, "ನನ್ನ ಮೈ ಎಲ್ಲ ಕಹಿ. ಬಂದ್ರ ಬಾ" ಎಂದಿತು.

ಪುಡಿ ಒಳಗೆ ಹೋಗಲಿಲ್ಲ. ಹಳ್ಳದ ಹತ್ತಿರ ಹೋಯಿತು. ಹಳ್ಳ, "ನನ್ನಲ್ಲಿ ಬಂದವರು ಯಾರೂ ನಿಲ್ಲೋದಿಲ್ಲ. ನೀನೂ ಹರಿದು ಹೋಗ್ತಿ" ಎಂದಿತು. ಪುಡಿ ಅಲ್ಲೂ ನಿಲ್ಲಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಇನ್ನೊಬ್ಬರು ಬೆವರು ಸುರಿಸಿ ತುಂಬಿಸಿದ ಮನೆ. ಒಳಗೆ ಹೊಕ್ಕು, ಬಾಗಿಲು ಹಾಕಿಕೊಂಡು, ಹೊರಗಿನಿಂದ ಎಲ್ಲ ಸರಿಯಾಗಿಯೇ ಇದೆ ಎಂದು ಕಾಣುವ ಹಾಗೆ ಉಣ್ಣಬೇಕು.

ಬೇವಿನ ಮರದ ಕೊಂಬೆಗೆ ಬಾಳವ್ವ ಎಂಬ ಹೆಂಗಸು ಸೀರೆಯ ಜೋಳಿಗೆ ಕಟ್ಟಿ ತನ್ನ ಕೂಸನ್ನು ಮಲಗಿಸಿದ್ದಳು. ಅವಳದು ಮಲಕಪ್ಪನ ಹೊಲದ ಪಕ್ಕದಲ್ಲೊಂದು ಅಗಲವಿಲ್ಲದ ಪಟ್ಟಿ. ಎರಡು ಹೊಲಗಳ ನಡುವಿನ ಬದುವಿನಲ್ಲೇ ಇಲಿಯವ್ವನ ಮನೆ. ಕೂಸಿನ ಕೆನ್ನೆಯ ಮೇಲೆ ಬಾಳವ್ವ ಕಾಡಿಗೆಯ ಬೊಟ್ಟು ಇಟ್ಟಿದ್ದಳು. ಹೋಗುವವರು ಬರುವವರು ಜೋಳಿಗೆಯೊಳಗೆ ಇಣುಕಿ, "ಎಷ್ಟು ಚಂದ ಐತಿ" ಎನ್ನುವಷ್ಟರಲ್ಲಿ ಕಣ್ಣು ಆ ಬೊಟ್ಟಿನ ಮೇಲೆ ಬೀಳುತ್ತಿತ್ತು. ದೃಷ್ಟಿ ಅಲ್ಲೇ ನಿಲ್ಲುತ್ತಿತ್ತು, ಕೂಸಿಗೆ ತಾಗುತ್ತಿರಲಿಲ್ಲ.

ಪುಡಿ ಇದನ್ನು ನೋಡಿತು. ಈ ಜನ ಕಪ್ಪು ಕಂಡರೆ ಹೆದರುವುದಿಲ್ಲ, ಮುದ್ದಿನವರ ಕೆನ್ನೆಗೆ ಹಚ್ಚುತ್ತಾರೆ ಎಂದು ತಿಳಿದುಕೊಂಡಿತು.

ಅಲ್ಲಿಂದ ನೆಟ್ಟಗೆ ಮಲಕಪ್ಪನ ಹತ್ತಿರ ಹೋಯಿತು. ಅವನು ಹೊಲದ ಅಂಚಿನಲ್ಲಿ ನಿಂತು, ತುಂಬಿ ತೂಗುವ ತೆನೆಗಳನ್ನು ನೋಡಿ ತಾನೇ ಉಬ್ಬುತ್ತಿದ್ದ.

"ಯಜಮಾನ್ರ, ಬೆಳಿ ಭಾಳ ಚಂದ ಐತ್ರಿ" ಎಂದಿತು ಪುಡಿ.

"ಐತಿ, ಐತಿ."

"ಅದಕ್ಕ ಹೇಳಿದೆ. ಮಂದಿ ಕಣ್ಣು ಒಳ್ಳೇದಲ್ರಿ. ಕೂಸಿಗೆ ಬೊಟ್ಟು ಇಡ್ತೀರಿ, ಎತ್ತಿನ ಕೊರಳಿಗೆ ಕರಿದಾರ ಕಟ್ತೀರಿ. ಇಷ್ಟು ಬೆಳಿ ಬಯಲಾಗ ಬಿಟ್ಟೀರಿ, ಒಂದು ಬೊಟ್ಟು ಬ್ಯಾಡೇನ್ರಿ?"

ಮಲಕಪ್ಪ ಯೋಚನೆಗೆ ಬಿದ್ದ. "ಅಷ್ಟು ತೆನಿಗೆ ಬೊಟ್ಟು ಇಡವ್ರು ಯಾರು?"

"ನಾ ಇಡ್ತೇನ್ರಿ. ಕೂಲಿ ಬ್ಯಾಡ. ಊಟ ಬ್ಯಾಡ. ಅಲ್ಲೊಂದು ಇಲ್ಲೊಂದು ತೆನಿ ಮ್ಯಾಲ ಕುಂತಿರ್ತೇನಿ."

"ನಿನ್ನ ಹೆಸರೇನು?"

ಪುಡಿಗೆ ಹೆಸರಿರಲಿಲ್ಲ. ಕೂಸಿನ ಕೆನ್ನೆಯ ಮೇಲೆ ಕಂಡದ್ದನ್ನೇ ಹೇಳಿತು: "ಕಾಡಿಗೆ ಅಂತಾರ್ರಿ."

ಕೂಲಿ ಬೇಡ, ಊಟ ಬೇಡ ಎಂದು ಬರುವವರನ್ನು ಕಂಡರೆ ಮೊದಲು ಬಾಗಿಲು ಹಾಕಬೇಕು. ಮಲಕಪ್ಪ ಬಾಗಿಲು ತೆರೆದ. ಊರಿಗೆಲ್ಲ ಸಾರಿಸಿದ: ಬೆಳೆಗೆ ದೃಷ್ಟಿಬೊಟ್ಟು ಬಂದಿದೆ, ಕಪ್ಪು ಇರುವ ತೆನೆಯನ್ನು ಯಾರೂ ಮುಟ್ಟಬಾರದು, ಮುರಿಯಬಾರದು, ಬಿಡಿಸಿ ನೋಡಬಾರದು. ಜನ ತೆನೆಗೆ ಕೈ ಮುಗಿದು ಹೋದರು.

ಜೋಳವನ್ನು ಮಾತ್ರ ಯಾರೂ ಕೇಳಲಿಲ್ಲ.

ಆ ವರ್ಷ ಅಲ್ಲೊಂದು ಇಲ್ಲೊಂದು ತೆನೆಗೆ ಕಪ್ಪು ಬಂತು. ರಾಶಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಕಣದಲ್ಲಿ ಎತ್ತುಗಳು ತೆನೆ ತುಳಿಯುವಾಗ ಬೊಟ್ಟಿನ ತೆನೆಗಳೂ ತುಳಿತಕ್ಕೆ ಸಿಕ್ಕಿ ಒಡೆದವು. ಪುಡಿ ಎದ್ದು, ಒಳ್ಳೆಯ ಕಾಳುಗಳ ಮೈಗೆಲ್ಲ ಹತ್ತಿಕೊಂಡಿತು. ಅದೇ ಕಾಳು ಹಗೇವಿಗೆ ಹೋಯಿತು. ಅದೇ ಕಾಳು ಮರುವರ್ಷ ಬಿತ್ತನೆಗೆ ಹೋಯಿತು.

ಮರುವರ್ಷ ತೆನೆ ಬರುವ ಹೊತ್ತಿಗೆ ಇಲಿಯವ್ವ ಬದುವಿನ ಮೇಲೆ ಹೋಗುತ್ತಿದ್ದಳು. ಜೋಳದ ದಂಟು ಬಾಗಿ ಅವಳ ಕಿವಿಯಲ್ಲಿ ಹೇಳಿತು: "ಇಲಿಯವ್ವ, ನನ್ನೊಳಗ ಯಾರೋ ಅದಾರ."

"ಹುಳ ಇರಬೇಕು."

"ಹುಳ ಆದ್ರ ಕಚ್ಚತೈತಿ. ಇದು ಕಚ್ಚೋದಿಲ್ಲ. ನಾ ಕಾಳಿಗೆ ಅಂತ ಹಾಲು ಕಳಸ್ತೇನಿ, ಅದು ಕುಡಿದುಬಿಡತೈತಿ. ಕಾಳಿನ ಮನಿ ಹಂಗ ಐತಿ, ಒಳಗ ಕಾಳಿಲ್ಲ."

ಇಲಿಯವ್ವ ಒಂದು ಕಪ್ಪು ತೆನೆ ಹತ್ತಿ ಕಚ್ಚಿದಳು. ಬೂದಿ ಬಣ್ಣದ ಸಿಪ್ಪೆ ಒಡೆಯಿತು. ಬಾಯಿ ತುಂಬ ಕರಿ ಪುಡಿ. ಅವಳು ಉಗುಳಿದಳು, ಕೆಮ್ಮಿದಳು, ಹಳ್ಳಕ್ಕೆ ಓಡಿ ಹೋಗಿ ಬಾಯಿ ತೊಳೆದುಕೊಂಡಳು. ಆಮೇಲೆ ಹಾಗೇ, ಒದ್ದೆ ಮೀಸೆಯಲ್ಲೇ, ಮಲಕಪ್ಪನ ಮುಂದೆ ಹೋಗಿ ನಿಂತಳು.

"ಯಜಮಾನ್ರ, ಅದು ಬೊಟ್ಟಲ್ಲ. ಅದು ಉಣ್ಣಾಕ ಬಂದೇತಿ. ಒಂದು ತೆನಿ ಬಿಡಿಸಿ ನೋಡ್ರಿ."

ಮಲಕಪ್ಪನ ಮುಖ ಕೆಂಪಾಯಿತು. "ಬೊಟ್ಟಿನ ತೆನಿಗೆ ಬಾಯಿ ಹಾಕಿದೇನು?"

"ಹಾಕಿದೆ. ಹಾಕಿದ್ದಕ್ಕ ಗೊತ್ತಾತು."

"ಎಲ್ಲಾದಕ್ಕೂ ಬಾಯಿ ಹಾಕೋ ಜಾತಿ ನಿಂದು. ಹೋಗು, ನಿನ್ನ ಕೆಲಸ ನೀ ನೋಡಿಕೋ."

ಇಲಿಯವ್ವ ಹೋದಳು. ಇಂಥ ಮಾತು ಅವಳು ಕೇಳಿದ್ದು ಅದೇ ಮೊದಲು. ತನ್ನ ಜಾತಿ ಯಾವುದು ಎಂದು ಅವಳು ಆವರೆಗೆ ಯೋಚಿಸಿಯೇ ಇರಲಿಲ್ಲ.

ಕೊಯ್ಲು ಮುಗಿಯಿತು. ಕಣದಲ್ಲಿ ಎತ್ತು ತುಳಿದವು. ತೂರಿದರು. ಕಪ್ಪು ಮೋಡದಂಥ ದೂಳು ಎದ್ದು ಎಲ್ಲರ ತಲೆಯ ಮೇಲೆ ಕೂತಿತು. ದೂಳು ಇಳಿದ ಮೇಲೆ ನೋಡಿದರೆ ರಾಶಿ ಮೊಣಕಾಲಿನ ಎತ್ತರಕ್ಕೂ ಇಲ್ಲ. ಹೊಲದಲ್ಲಿ ನಿಂತಿದ್ದ ತೆನೆಗಳೆಲ್ಲ ತುಂಬಿದ ಹಾಗೇ ಕಂಡಿದ್ದವು. ಕಾಳು ಎಲ್ಲಿ ಹೋಯಿತು?

ಬೇವಿನ ಮರದ ಕೆಳಗೆ ಪಂಚಾಯಿತಿ ಕೂಡಿತು. ಮಲಕಪ್ಪ ಕಂಬಳಿ ಹಾಸಿಕೊಂಡು ಕೂತ. ಕಾಡಿಗೆ ಅವನ ಪಕ್ಕದಲ್ಲೇ, ಒಂದು ತೆನೆಯ ಮೇಲೆ, ಮರ್ಯಾದಸ್ಥನ ಹಾಗೆ ಕೂತಿತ್ತು. ಇಲಿಯವ್ವನನ್ನು ಮಾತ್ರ ಎದುರಿಗೆ ಬಿಸಿಲಿನಲ್ಲಿ ನಿಲ್ಲಿಸಿದರು. ತೀರ್ಪು ಅಲ್ಲೇ ಆಗಿಹೋಗಿತ್ತು. ಯಾರು ನೆರಳಿನಲ್ಲಿ ಕೂತರು, ಯಾರು ಬಿಸಿಲಿನಲ್ಲಿ ನಿಂತರು ಎಂದು ನೋಡಿದರೆ ಸಾಕು, ಮುಂದಿನದು ಕೇಳಬೇಕಾಗಿಲ್ಲ.

"ಊರಾಗ ಹಲ್ಲು ಇರೋದು ಯಾರಿಗೆ?" ಎಂದು ಮಲಕಪ್ಪ ಕೇಳಿದ.

"ಇಲಿಗೆ" ಎಂದಿತು ಊರು.

"ಹೊಲದಿಂದ ತೆನಿ ಎಳಕೊಂಡು ಹೋಗೋದು ಯಾರು?"

"ಇಲಿ."

"ನೆಲದಾಗ ಬಿಲ ತೋಡಿ ಕಾಳು ಮುಚ್ಚಿಡೋದು ಯಾರು?"

ಇಲಿಯವ್ವನಿಗೆ ತಡೆಯಲಾಗಲಿಲ್ಲ. "ನೀವೂ ನೆಲ ತೋಡಿ ಕಾಳು ಇಡ್ತೀರಿ. ನೀವು ಇಟ್ರ ಹಗೇವು, ನಾ ಇಟ್ರ ಬಿಲ. ನಿಮ್ಮದು ಜತನ, ನಂದು ಕಳವು. ಯಾವಾಗ ಆತು ಇದು? ಬದುವಿನ ಸಾಲು ನಂದು ಅಂತ ಜೋಳ ಹೇಳಿದಾಗ ನೀವ ಒಪ್ಪಿದ್ರಿ."

"ಒಂದು ಸಾಲಿನ ಮಾತಲ್ಲ ಇದು. ನಡುವಿನ ಸಾಲಿನ ಕಾಳು ಎಲ್ಲಿ?"

"ನಾ ತಿಂದಲ್ಲಿ ತೆನಿ ಇರೋದಿಲ್ರಿ. ದಂಟು ಬೋಳಾಗಿರತೈತಿ, ಹಲ್ಲಿನ ಗುರುತು ಇರತೈತಿ. ಕುರುಡನೂ ಮುಟ್ಟಿ ಹೇಳ್ತಾನ, ಇಲ್ಲಿ ಇಲಿ ಉಂಡೇತಿ ಅಂತ. ನಡುವಿನ ಸಾಲಿನಾಗ ತೆನಿ ಎಲ್ಲಾ ಹಂಗ ಇದ್ವು. ನೀವ ಕೊಯ್ದ್ರಿ, ನೀವ ಹೊತ್ತು ತಂದ್ರಿ. ತೆನಿ ಹಂಗ ಇದ್ದು ಕಾಳು ಮಾತ್ರ ತಿನ್ನಾಕ ನನ್ನ ಹಲ್ಲಿಗೆ ಬರೋದಿಲ್ಲ. ಬರೋದು ಯಾರಿಗೆ ಅಂತ ನಿಮ್ಮ ಬಾಜೂಕ ಕುಂತವ್ರನ್ನ ಕೇಳ್ರಿ."

ಕಾಡಿಗೆ ಮೆಲ್ಲಗೆ ನಕ್ಕಿತು. "ಯಜಮಾನ್ರ, ನನಗ ಹಲ್ಲೆಲ್ಲಿ ಐತ್ರಿ? ಬಾಯೆಲ್ಲಿ ಐತ್ರಿ? ಹೊಟ್ಟಿ ಎಲ್ಲಿ ಐತ್ರಿ? ನಾ ಒಂದು ಬೊಟ್ಟು. ಪಾಪ, ಅದಕ್ಕ ಸಂಕಟ ಆಗೇತಿ, ಏನೋ ಮಾತಾಡತೈತಿ."

"ಗಾಳಿಯನ್ನ ಕೇಳ್ರಿ" ಎಂದಳು ಇಲಿಯವ್ವ. "ಇದನ್ನ ಹೊತ್ತುಕೊಂಡು ಬಂದದ್ದು ಗಾಳಿ."

ಗಾಳಿಯನ್ನು ಕೇಳಿದರು. ಗಾಳಿಗೆ ಎಲ್ಲ ಗೊತ್ತಿತ್ತು. ಆದರೆ ತೂರುವಾಗ ಊರಿನವರು ಅದನ್ನು ಕರೆದು ಕರೆದು ಹಾಡುತ್ತಿದ್ದರು, ಅದಕ್ಕೆ ಆ ಹಾಡು ಬೇಕಾಗಿತ್ತು. "ನಾ ಎಲ್ಲಾರ ಕಡೆಗೂ ಬೀಸಾಂವ" ಎಂದು ಹೇಳಿ ಮರದ ಹಿಂದೆ ಸರಿಯಿತು. ಬೇವಿನ ಮರ, "ನನ್ನಲ್ಲೂ ಜಾಗ ಕೇಳಿ ಬಂದಿತ್ತು, ಕಹಿ ಅಂತ ಒಳಗ ಬರಲಿಲ್ಲ" ಎಂದು ಅಷ್ಟು ಮಾತ್ರ ಹೇಳಿತು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಲಕಪ್ಪ ತೀರ್ಪು ಹೇಳಿದ. ಇಲಿ ಕಳ್ಳಿ. ಬದುವಿನ ಸಾಲು ಇನ್ನು ಅವಳದಲ್ಲ. ಹಗಲಿನಲ್ಲಿ ಕಂಡರೆ ಬಡಿಗೆ. ಮತ್ತು ಊರ ಮುಂದೆ ಅವಳ ಮುಖಕ್ಕೆ ಮಸಿ ಬಳಿಯಬೇಕು.

ಒಬ್ಬರು ಒಲೆಯ ಮಸಿ ತರಲು ಎದ್ದರು. ಕಾಡಿಗೆ ತಡೆಯಿತು. "ಒಲಿ ತನಾ ಯಾಕ ಹೋಗ್ತೀರಿ? ನಾ ಇದ್ದೇನಲ್ರಿ."

ಮಲಕಪ್ಪ ಕಾಡಿಗೆ ಕೂತಿದ್ದ ತೆನೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿದ. ಅಂಥ ತೆನೆಯನ್ನು ಅವನು ಮುಟ್ಟಿದ್ದು ಅದೇ ಮೊದಲು. ಸಿಪ್ಪೆಗಳು ಚಟಚಟ ಒಡೆದವು. ಅಂಗೈ ತುಂಬ ಕಪ್ಪು. ಇಬ್ಬರು ಇಲಿಯವ್ವನನ್ನು ಒತ್ತಿ ಹಿಡಿದರು. ಅವನು ಅವಳ ಹಣೆಗೆ, ಮೂಗಿಗೆ, ಎರಡೂ ಕೆನ್ನೆಗೆ ಬಳಿದ.

ಅದೇ ಪುಡಿ. ತೆನೆಯ ಮೇಲೆ ಕೂತಾಗ ಬೊಟ್ಟು ಎಂದು ಕೈ ಮುಗಿದಿದ್ದರು. ಇಲಿಯ ಮುಖಕ್ಕೆ ಬಳಿದಾಗ ಮಸಿ ಎಂದು ಉಗುಳಿದರು.

ಆಗ ಬಾಳವ್ವ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಬಂದಳು. ಅವಳ ಕಣ್ಣು ಇಲಿಯ ಮೇಲೆ ಇರಲಿಲ್ಲ. ಮಲಕಪ್ಪನ ಅಂಗೈಯ ಮೇಲೆ ಇತ್ತು.

"ಕಾಕಾ, ನಿಮ್ಮ ಕೈಯಾಗ ಕಾಳು ಎಲ್ರಿ?"

"ಯಾವ ಕಾಳು?"

"ಒಂದು ತೆನಿ ಹಿಸುಕಿದ್ರಿ. ತೆನಿ ಅಂದ ಮ್ಯಾಲ ಕಾಳು ಇರಬೇಕಲ್ರಿ. ಒಂದರ ಬೀಳಬೇಕಲ್ರಿ. ಎಲ್ಲಿ?"

ಮಲಕಪ್ಪ ತನ್ನ ಕೈ ನೋಡಿಕೊಂಡ. ಕಪ್ಪು ಪುಡಿ, ಬೂದಿ ಬಣ್ಣದ ಸಿಪ್ಪೆ. ಕಾಳು ಒಂದೂ ಇರಲಿಲ್ಲ. ಹೊಲದ ಕಾಳೆಲ್ಲ ಎಲ್ಲಿ ಹೋಯಿತು ಎಂಬುದು ಅವನ ಅಂಗೈಯಲ್ಲೇ ಇತ್ತು.

ಅವನು ನೋಡಿದ. ಅವನು ನೋಡಿದ್ದನ್ನು ಇಲಿಯವ್ವ ನೋಡಿದಳು. ಮಸಿ ಹತ್ತಿದ ರೆಪ್ಪೆಯ ಕೆಳಗಿನಿಂದ, ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಈಗ ಹೇಳುತ್ತಾನೆ, ಈಗ ಬಾಯಿ ತೆರೆಯುತ್ತಾನೆ ಎಂದುಕೊಂಡಳು.

ಮಲಕಪ್ಪ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ.

"ಪಂಚರು ಹೇಳಿದ ಮಾತು ಆಗಿಹೋತು" ಎಂದ. "ಹಿಂದ ತಗೊಳ್ಳಾಕ ಬರೋದಿಲ್ಲ. ಎಲ್ಲಾರೂ ಮನಿಗೆ ನಡೀರಿ."

ಗೊತ್ತಿಲ್ಲದೆ ತಪ್ಪು ಮಾಡಿದವನನ್ನು ಕ್ಷಮಿಸಬಹುದು. ಅಂಗೈಯಲ್ಲಿ ಕಂಡಮೇಲೂ ಧೋತರಕ್ಕೆ ಒರೆಸಿಕೊಳ್ಳುತ್ತಾರಲ್ಲ, ಅವರ ಮಾತು ಬೇರೆ.

ಇಲಿಯವ್ವ ಮನೆಗೆ ಓಡಿದಳು. ಮರಿಗಳು ಅವಳನ್ನು ಕಂಡು ಮೂಲೆಗೆ ಸರಿದು ಕೂತವು.

"ಯಾರವ್ವ ನೀನು?" ಎಂದಿತು ಸಣ್ಣ ಮರಿ.

ಅವಳು ಎರಡೂ ಕೈಯಿಂದ ಮುಖ ಒರೆಸಿಕೊಂಡಳು. ಒರೆಸಿದಷ್ಟೂ ಮಸಿ ಹರಡಿತು. ಹಣೆಯಿಂದ ಬೆನ್ನಿಗೆ, ಬೆನ್ನಿನಿಂದ ಬಾಲಕ್ಕೆ. ಹೊನ್ನಿನ ಬಣ್ಣದ ಅವಳ ಕೂದಲು ಮಸಿ ಕಲೆಸಿದ ಮಣ್ಣಿನ ಬಣ್ಣಕ್ಕೆ ತಿರುಗಿತು. ಕಡೆಗೆ ದನಿಯಿಂದ ಮರಿಗಳು ಗುರುತು ಹಿಡಿದವು. ಮೊಲೆಗೆ ಬಂದವು. ಅವಳು ಒಂದು ಕೈಯಿಂದ ಅವುಗಳನ್ನು ತಬ್ಬಿಕೊಂಡು, ಇನ್ನೊಂದು ಕೈಯಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದಳು.

ಅಂದಿನಿಂದ ಯಾರೂ ಅವಳನ್ನು ಇಲಿಯವ್ವ ಎನ್ನಲಿಲ್ಲ. ಊಟ ಆತೇ ಎಂದು ಕೇಳಲಿಲ್ಲ.

ಊರು ಮತ್ತೆ ಬಿತ್ತಿತು, ಪುಡಿ ಹತ್ತಿದ ಅದೇ ಬೀಜ. ಇಲಿ ಹೊಲಕ್ಕೆ ಬರುತ್ತಿರಲಿಲ್ಲ, ಬಡಿಗೆ ಹಿಡಿದು ಕಾಯುತ್ತಿದ್ದರು. ಆದರೂ ಆ ವರ್ಷ ತೆನೆ ಬಂದಾಗ ಹೊಲಕ್ಕೆ ಹೊಲವೇ ಕಪ್ಪಾಗಿತ್ತು. ಊರಿಗೆ ದೃಷ್ಟಿಬೊಟ್ಟು ಇಟ್ಟದ್ದಲ್ಲ, ಊರ ಮುಖಕ್ಕೇ ಬಳಿದ ಹಾಗಿತ್ತು. ಮಕ್ಕಳು ಹಸಿದು ಅತ್ತವು. ಹಗೇವುಗಳ ಕಲ್ಲು ಸರಿಸಿದರೆ ಒಳಗೆ ಬರೀ ಹುಲ್ಲು.

ಆಗ ಯಾರಿಗೋ ನೆನಪಾಯಿತು: ಇಲಿಯ ಬಿಲದಲ್ಲಿ ಹಳೆಯ ತೆನೆ ಇರಬೇಕು. ಅಗೆದು ತೆಗೆಯೋಣ, ಒಳಗೆ ಹೊಗೆ ಹಾಕೋಣ ಎಂದು ಮಾತಾಡಿಕೊಂಡರು. ಬಾಳವ್ವ ಅದನ್ನು ಕೇಳಿಸಿಕೊಂಡಳು. ಅವರು ಗುದ್ದಲಿ ಹುಡುಕುವಷ್ಟರಲ್ಲಿ ಬದುವಿಗೆ ಓಡಿ ಹೋಗಿ, ಬಿಲದ ಬಾಯಿಯ ಮುಂದೆ ಮೊಣಕಾಲೂರಿ ಕೂತಳು.

"ಇಲಿಯವ್ವ" ಎಂದು ಕರೆದಳು.

ಒಳಗಿನಿಂದ ದನಿ ಬಂತು. "ಈ ಮನ್ಯಾಗ ಹಂಗನ್ನೋರು ಯಾರೂ ಇಲ್ಲ. ಕಳ್ಳಿ ಒಬ್ಬಾಕಿ ಅದಾಳ."

"ನಾ ಬಾಳವ್ವ."

"ಗೊತ್ತು. ಬೊಟ್ಟು ಇಟ್ಟಾಕಿ. ನಿನ್ನ ಕೂಸಿನ ಕೆನ್ನಿ ನೋಡೇ ಅದು ಹೆಸರು ಕಲ್ತದ್ದು."

ಬಾಳವ್ವ ತಲೆ ತಗ್ಗಿಸಿದಳು. "ಹೌದು. ಅದು ಕಲೀತೈತಿ ಅಂತ ನನಗ ಗೊತ್ತಿರಲಿಲ್ಲ. ಕೇಳು, ಮಂದಿ ಗುದ್ದಲಿ ತಗೊಂಡು ಬರಾಕತ್ತಾರ. ಮರಿಗಳನ್ನ ಆ ಕಡೆ ಬಾಯಿಂದ ಸಾಗಿಸು."

ಒಳಗೆ ಸರಸರ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇಲಿಯವ್ವ ಹೊರಗೆ ಮೂತಿ ಹಾಕಿದಳು. ಮುಖ ಇನ್ನೂ ಕಪ್ಪಾಗಿತ್ತು.

"ಹೇಳಿ ಮರಿ ಉಳಿಸಿದಿ. ನಿನಗೇನು ಬೇಕು?"

"ಬೀಜ" ಎಂದಳು ಬಾಳವ್ವ. "ಊರಾಗ ಚೊಕ್ಕ ಬೀಜ ಒಂದೂ ಇಲ್ಲ. ಕಣದ ಕಾಳೆಲ್ಲ ಪುಡಿ ಹತ್ತೇತಿ. ನೀ ಮಾತ್ರ ಕಣಕ್ಕ ಹೋಗುದಕ್ಕಿಂತ ಮದಲ, ದಂಟಿನಿಂದನ ಕಡಕೊಂಡು ಬಂದೀ. ಕರಿ ತೆನಿ ನೀ ಒಳಗ ತಂದಿರಾಕಿಲ್ಲ."

"ಬಾಯಿ ಸುಟ್ಟುಕೊಂಡಾಕಿ ನಾನು. ಹೆಂಗ ತರಲಿ?"

"ಅದಕ್ಕ ಕೇಳಾಕ ಬಂದೆ."

ಇಲಿಯವ್ವ ನಕ್ಕಳು. ಅದು ಒಳ್ಳೆಯ ನಗೆಯಾಗಿರಲಿಲ್ಲ. "ಕೇಳೋದು ಚಂದ ಐತಿ. ಕಳ್ಳಿ ಮನಿಗೆ ಬಂದು, ಕಳವಿನ ಮಾಲು ಕೊಡು, ಊರು ಉಳಸ್ತೇವಿ ಅಂತೀರಿ. ನನ್ನ ಮುಖ ಉಳಸವ್ರು ಯಾರು?"

ಬಾಳವ್ವ ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು, ಕೂಸಿನ ಮುಖ ಒರೆಸುವ ಹಾಗೆ, ಇಲಿಯ ಮುಖ ಒರೆಸಲು ಶುರು ಮಾಡಿದಳು. ಹಣೆ ಒರೆಸಿದಳು, ಮೂಗು ಒರೆಸಿದಳು. ಸೆರಗು ಕಪ್ಪಾಯಿತು. ಮಸಿ ಅರ್ಧ ಬಂತು, ಅರ್ಧ ಉಳಿಯಿತು.

"ಇಷ್ಟ ಬರೋದು" ಎಂದಳು ಬಾಳವ್ವ. "ಉಳಿದದ್ದು ಸೆರಗಿಗೆ ಬರೋದಲ್ಲ."

"ನನಗೂ ಗೊತ್ತು" ಎಂದಳು ಇಲಿಯವ್ವ. "ಬಳಿದಾಂವ ಅದ ಮರದ ಕೆಳಗ, ಅದ ಊರಿನ ಮುಂದ, ಕಾಳು ತಿಂದದ್ದು ಯಾರು ಅಂತ ಬಾಯಿಬಿಟ್ಟು ಹೇಳಿದಾಗ ಅದು ಬರತೈತಿ. ಅಲ್ಲಿ ತನಾ ನಾ ಒರಸ್ಕೋತನ ಇರ್ತೇನಿ." ಆಮೇಲೆ ಒಳಗೆ ಹೋಗಿ ತೆನೆಗಳನ್ನು ಒಂದೊಂದಾಗಿ ನೂಕಿದಳು. ಒಣಗಿದ, ತುಂಬಿದ, ಬಿಳಿ ಕಾಳಿನ ತೆನೆಗಳು. ಒಂದರಲ್ಲೂ ಕಪ್ಪಿಲ್ಲ. "ತಗೋ. ಮಂದಿ ಮ್ಯಾಲಿನ ಸಿಟ್ಟು ಮಕ್ಕಳ ಹೊಟ್ಟಿ ಮ್ಯಾಲ ತೀರಿಸೋ ಬುದ್ಧಿ ನನಗಿಲ್ಲ. ಒಂದು ಮಾತು. ನನ್ನ ಮನಿ ಅಗದವ್ರು ಎಲ್ಲಾ ಬಳಕೊಂಡು ಹೋಗಬಾರದು. ಒಂದು ಹಿಡಿ ಬಿಡಬೇಕು."

ಬಾಳವ್ವ ಒಂದು ಹಿಡಿ ಅಲ್ಲೇ ಬಿಟ್ಟಳು. ಉಳಿದದ್ದನ್ನು ಉಡಿಯಲ್ಲಿ ಕಟ್ಟಿಕೊಂಡಳು. ಗುದ್ದಲಿಯವರು ಬರುವಷ್ಟರಲ್ಲಿ ಇಲಿಯವ್ವ ತನ್ನ ಹಿಡಿಯ ಸಮೇತ ಆ ಕಡೆಯ ಬಾಯಿಂದ ಹೊರಟುಹೋಗಿದ್ದಳು.

ಮರುವರ್ಷ ಬಾಳವ್ವ ಆ ಬೀಜವನ್ನು ತನ್ನ ಅಗಲವಿಲ್ಲದ ಪಟ್ಟಿಯಲ್ಲಿ ಬಿತ್ತಿದಳು. ಆ ವರ್ಷ ಸುತ್ತಲಿನ ಹೊಲಗಳೆಲ್ಲ ಕಪ್ಪು, ನಡುವೆ ಬಾಳವ್ವನ ಪಟ್ಟಿ ಒಂದೇ ಬೆಳ್ಳಗೆ ಹೊಳೆಯುತ್ತಿತ್ತು. ಕೊಯ್ಲಿಗೆ ಮುಂಚೆ ಅವಳು ಇಲಿ ಮಾಡಿದ ಹಾಗೇ ಮಾಡಿದಳು. ನಿಂತ ಬೆಳೆಯಲ್ಲೇ ಒಳ್ಳೊಳ್ಳೆಯ ತೆನೆ ನೋಡಿ ಮುರಿದು, ಕಣಕ್ಕೆ ಹಾಕದೆ, ಗೊಂಚಲು ಕಟ್ಟಿ ಮನೆಯ ಜಂತಿಗೆ ತೂಗುಹಾಕಿದಳು. ಬದುವಿನ ಸಾಲನ್ನು ಮುಟ್ಟಲಿಲ್ಲ.

ಮಲಕಪ್ಪ ಬೀಜ ಕೇಳಿಕೊಂಡು ಬಂದ.

"ಕೊಡ್ತೇನ್ರಿ ಕಾಕಾ" ಎಂದಳು ಬಾಳವ್ವ. "ಇದು ಇಲಿಯವ್ವನ ಬೀಜ. ಮರದ ಕೆಳಗ ನಿಂತು ಒಂದು ಮಾತು ಹೇಳಿಬಿಡ್ರಿ, ಅಂದು ನಿಮ್ಮ ಅಂಗೈಯಾಗ ಏನಿತ್ತು ಅಂತ."

"ಹೇಳೋಣು, ಹೇಳೋಣು. ಬಿತ್ತಿಗಿ ಮುಗೀಲಿ."

ಬೀಜ ತೆಗೆದುಕೊಂಡು ಹೋದ. ಬಿತ್ತನೆ ಮುಗಿಯಿತು. ಬಾಳವ್ವ ನೆನಪು ಮಾಡಿದಳು. "ಕಳೆ ತೆಗೆಯೋದು ಆಗಲಿ" ಎಂದ. ಕಳೆ ಆಯಿತು. "ಸುಗ್ಗಿ ಆಗಲಿ" ಎಂದ. ಸುಗ್ಗಿಯಾಯಿತು. ಹೊಟ್ಟೆ ತುಂಬಿತು. ಹೊಟ್ಟೆ ತುಂಬಿದ ಮೇಲೆ ಹಳೆಯ ಮಾತು ಯಾರಿಗೆ ಬೇಕು? ಕೇಳಿದರೆ, "ಒಂದು ಇಲಿ ಸಲುವಾಗಿ ಊರ ಹಿರ್ಯಾ ತಲಿ ತಗ್ಗಸಬೇಕೇನು?" ಎಂದ. ಹಾಗೆಯೇ ಸತ್ತ. ಅವನ ಮಗ ಹೇಳಲಿಲ್ಲ. ಮೊಮ್ಮಗನಿಗೆ ಹೇಳಬೇಕಾದ ಮಾತು ಏನು ಎಂಬುದೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಇಲಿ ಎಂದರೆ ಕಳ್ಳಿ.

ಕಾಡಿಗೆಯೂ ಊರು ಬಿಡಲಿಲ್ಲ. ಅದನ್ನು ಯಾರೂ ಮರದ ಕೆಳಗೆ ಬಿಸಿಲಿನಲ್ಲಿ ನಿಲ್ಲಿಸಲಿಲ್ಲ. ಯಾರು ಬೀಜ ನೋಡಿ ಇಡುವುದಿಲ್ಲವೋ ಅವರ ಹೊಲಕ್ಕೆ ಇವತ್ತಿಗೂ ಸದ್ದಿಲ್ಲದೆ ಬರುತ್ತದೆ, ತೆನೆಯೊಳಗೆ ಕೂರುತ್ತದೆ, ಹೊರಗಿನಿಂದ ಎಲ್ಲ ಸರಿಯಾಗಿಯೇ ಇದೆ ಎಂದು ಕಾಣುವ ಹಾಗೆ ಉಣ್ಣುತ್ತದೆ.

ಬಾಳವ್ವನಂಥವರ ಮನೆಯಲ್ಲಿ ಬೀಜದ ತೆನೆ ಜಂತಿಯಲ್ಲಿ ತೂಗುತ್ತದೆ. ಸುಗ್ಗಿ ಮುಗಿದ ಮೇಲೆ ಇಲಿಯ ಬಿಲ ಅಗೆದು ತೆನೆ ಆಯುವವರನ್ನು ನೀವು ಕಂಡರೆ ಗಮನಿಸಿ, ಅವರಲ್ಲಿ ತಿಳಿದವರು ಒಂದು ಹಿಡಿ ಅಲ್ಲೇ ಬಿಟ್ಟು ಬರುತ್ತಾರೆ. ಅವರ ಉಡಿಯೊಳಗೆ ಇಣುಕಿ ನೋಡಿ, ಕಪ್ಪು ತೆನೆ ಒಂದೂ ಇರುವುದಿಲ್ಲ.

ಇಲಿಯವ್ವ ಮಾತ್ರ ಇನ್ನೂ ಕಾಯುತ್ತಿದ್ದಾಳೆ. ಹೊತ್ತು ಇಳಿದು ಬಡಿಗೆಗಳೆಲ್ಲ ಮನೆಗೆ ಹೋದಮೇಲೆ ಇಲಿ ಬಿಲದ ಬಾಯಿಗೆ ಬರುವುದನ್ನು, ಹಿಂಗಾಲಿನ ಮೇಲೆ ಕೂತು ಊರಿನ ಕಡೆ ಕಿವಿ ನಿಮಿರಿಸುವುದನ್ನು ನೀವೇ ನೋಡಿದ್ದೀರಿ. ಯಾರಾದರೂ ಆ ಮಾತು ಹೇಳುತ್ತಾರೇನೋ ಎಂದು ಅದು ಕೇಳುತ್ತದೆ, ಯಾರೂ ಹೇಳುವುದಿಲ್ಲ, ಅದಕ್ಕೇ ಎರಡೂ ಕೈ ಎತ್ತಿ ಮತ್ತೆ ಮುಖ ಒರೆಸಿಕೊಳ್ಳತೊಡಗುತ್ತದೆ.